ವೀಡ್ ಕಟರ್‌ಗೆ ಟೂ-ಸ್ಟ್ರೋಕ್ ಎಂಜಿನ್ನೋ ಫೋರ್-ಸ್ಟ್ರೋಕ್ ಎಂಜಿನ್ನೋ? ಯಂತ್ರ ಹಿಡಿದು ಅನುಭವ ಇರುವವರು ದಯವಿಟ್ಟು ಹೇಳಿ

ಹೊಸನಗರದ ತೋಟಗಾರ:

ಎರಡೂವರೆ ಎಕರೆ ಅಡಿಕೆ ತೋಟ ನಮ್ಮದು. ಅರ್ಧ ಸಮತಟ್ಟು, ಅರ್ಧ ಇಳಿಜಾರು. ಮೇಲುಗಡೆ ಧರೆ, ಅಂದರೆ ಕಡಿದಾದ ಮಣ್ಣಿನ ಏರು, ಅದರಾಚೆ ಸೊಪ್ಪಿನ ಬೆಟ್ಟ. ವರ್ಷಕ್ಕೆ ಮೂರು ಸಲವಾದರೂ ಕಳೆ ಹೊಡೆಯದಿದ್ದರೆ ತೋಟದೊಳಗೆ ಕಾಲಿಡಲು ಆಗುವುದಿಲ್ಲ. ಆರು ವರ್ಷ ದುಡಿದ ಟೂ-ಸ್ಟ್ರೋಕ್ ವೀಡ್ ಕಟರ್ ಕಳೆದ ಆಗಸ್ಟ್‌ನಲ್ಲಿ ಕೆಲಸದ ನಡುವೆಯೇ ಕಿರ್ರೆಂದು ನಿಂತುಬಿಟ್ಟಿತು. ಆಮೇಲೆ ಹಗ್ಗ ಎಳೆದರೆ ಒಂದು ಗೇಣೂ ಬರಲಿಲ್ಲ.

ಅಂಗಡಿಗೆ ಒಯ್ದೆ. ‘ಸೀಜ್ ಆಗಿದೆ, ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ ಕಚ್ಚಿಕೊಂಡಿದೆ, ಇದಕ್ಕೆ ದುಡ್ಡು ಹಾಕಬೇಡಿ, ಟೂ-ಸ್ಟ್ರೋಕ್ ಕಾಲ ಮುಗಿಯಿತು, ಫೋರ್-ಸ್ಟ್ರೋಕ್ ತೆಗೆದುಕೊಳ್ಳಿ’ ಎಂದರು. ಮನೆಗೆ ಬಂದು ಹೇಳಿದರೆ ನಮ್ಮ ದೊಡ್ಡಪ್ಪನ ಮಗ ಅದಕ್ಕೆ ಪೂರ್ತಿ ವಿರೋಧ. ‘ಇಳಿಜಾರಿನಲ್ಲಿ ಫೋರ್-ಸ್ಟ್ರೋಕ್ ಓರೆಯಾಗಿ ಹಿಡಿದರೆ ಆಯಿಲ್ ಒಂದು ಮೂಲೆಗೆ ಸರಿದು ಎಂಜಿನ್ ಸುಟ್ಟುಹೋಗುತ್ತದೆ, ಟೂ-ಸ್ಟ್ರೋಕ್ ಬಿಟ್ಟು ಬೇರೆ ತರಬೇಡ’ ಎನ್ನುತ್ತಾನೆ. ಇಬ್ಬರೂ ಖಚಿತವಾಗಿ ಹೇಳುತ್ತಾರೆ. ಯಾರನ್ನು ನಂಬಲಿ? ಮಳೆಗಾಲದ ಮೊದಲ ಕಳೆಗೆ ಯಂತ್ರ ಕೈಯಲ್ಲಿರಬೇಕು.

ತೀರ್ಥಹಳ್ಳಿಯ ಮೆಕ್ಯಾನಿಕ್:

ತೋಟಗಾರರೇ, ಹೊಸದನ್ನು ತರುವ ಮೊದಲು ಹಳೆಯದು ಹೇಗೆ ಸತ್ತಿತು ಎಂದು ತಿಳಿದುಕೊಳ್ಳಿ. ಅದು ಗೊತ್ತಾಗದೆ ಯಾವ ಎಂಜಿನ್ ತಂದರೂ ಇದೇ ಕಥೆ ಆಗಬಹುದು.

ಸ್ಪಾರ್ಕ್ ಪ್ಲಗ್ ಬಿಚ್ಚಿ. ಸೈಲೆನ್ಸರಿನ ಬೋಲ್ಟ್‌ಗಳನ್ನು ತೆಗೆದು ಅದನ್ನು ಕಳಚಿ. ಅಲ್ಲಿ ಹೆಬ್ಬೆರಳು ತೂರುವಷ್ಟು ಒಂದು ಕಿಂಡಿ ಕಾಣುತ್ತದೆ, ಹೊಗೆ ಹೊರಗೆ ಬರುವ ದಾರಿ ಅದು. ಟಾರ್ಚ್ ಹಿಡಿದರೆ ಅದರೊಳಗೆ ಪಿಸ್ಟನ್ನಿನ ಮೈ ಕಾಣಿಸುತ್ತದೆ. ಮೈ ನುಣ್ಣಗೆ ಹೊಳೆಯುತ್ತಿದ್ದರೆ ಪಿಸ್ಟನ್ನಿನ ತಪ್ಪಲ್ಲ, ಬೇರಿಂಗ್ ಹಿಡಿದಿರಬಹುದು. ಮೇಲಿನಿಂದ ಕೆಳಗೆ ಉದ್ದುದ್ದ ಗೀರು ಬಿದ್ದು, ಲೋಹ ಕರಗಿ ಮೆತ್ತಿಕೊಂಡಂತೆ ಇದ್ದರೆ ಸೀಜ್ ಆಗಿದೆ ಎಂಬುದು ನಿಜ. ಆದರೆ ಅದರಲ್ಲೂ ಎರಡು ಬಗೆ. ಹೊಗೆ ಕಿಂಡಿಯ ಬದಿಗೆ ಮಾತ್ರ ಗೀರಿದ್ದರೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಸಾಲದೆ ಬಿಸಿ ಏರಿದೆ ಎಂದು ಲೆಕ್ಕ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ ಕಸವೋ, ಸಂದು ಮುಚ್ಚುವ ಗ್ಯಾಸ್ಕೆಟ್ ಎಲ್ಲೋ ಸೋರಿಕೆಯೋ ಹುಡುಕಬೇಕು. ಗೀರು ಸುತ್ತಲೂ ಇದ್ದರೆ ಎಣ್ಣೆಯೇ ಇಲ್ಲದ ಬರೀ ಪೆಟ್ರೋಲ್ ಒಳಗೆ ಹೋಗಿದೆ.

ಇನ್ನೊಂದು ಪ್ರಶ್ನೆ. ಆ ದಿನ ಟ್ಯಾಂಕ್ ತುಂಬಿಸಿದವರು ಯಾರು?

ಹೊಸನಗರದ ತೋಟಗಾರ:

ಈಗಷ್ಟೇ ಬಿಚ್ಚಿ ನೋಡಿದೆ. ಗೀರು ಎಲ್ಲ ಕಡೆಗೂ ಇದೆ. ಪ್ಲಗ್ಗಿನ ತೂತಿನಿಂದ ಸಣ್ಣ ಸ್ಕ್ರೂಡ್ರೈವರ್ ಇಳಿಸಿ ಮುಟ್ಟಿದರೆ ಪಿಸ್ಟನ್ ಅಲುಗುವುದಿಲ್ಲ.

ಟ್ಯಾಂಕ್ ತುಂಬಿಸಿದವರು ಯಾರು ಎಂದು ಕೇಳಿದಿರಿ. ಆ ದಿನ ನಾನು ಸೊಸೈಟಿಗೆ ಹೋಗಿದ್ದೆ. ಕೆಲಸಕ್ಕೆ ಬಂದವರಿಗೆ ಪೆಟ್ರೋಲ್ ಮುಗಿಯಿತು. ಕೊಟ್ಟಿಗೆಯಲ್ಲಿ ಎರಡು ಬಿಳಿ ಕ್ಯಾನ್ ಇದ್ದವು. ಒಂದು ಎಣ್ಣೆ ಬೆರೆಸಿದ್ದು, ಇನ್ನೊಂದು ಬೈಕಿಗೆಂದು ತಂದಿಟ್ಟದ್ದು. ಅವರು ಬೈಕಿನ ಕ್ಯಾನಿನಿಂದ ಹಾಕಿದ್ದಾರೆ. ಇಷ್ಟು ದಿನ ಯಂತ್ರದ ಮೇಲೆ ತಪ್ಪು ಹೊರಿಸಿಕೊಂಡು ಬಂದೆ. ತಪ್ಪು ನನ್ನದೇ. ಕ್ಯಾನಿನ ಮೇಲೆ ಒಂದು ಗುರುತು ಹಾಕಿದ್ದರೆ ಸಾಕಿತ್ತು.

ದಾವಣಗೆರೆಯ ಪಾಲಿಟೆಕ್ನಿಕ್ ಮೇಷ್ಟ್ರು:

ಬರೀ ಪೆಟ್ರೋಲ್ ಹಾಕಿದರೆ ಟೂ-ಸ್ಟ್ರೋಕ್ ಎಂಜಿನ್ ಏಕೆ ಕೆಡುತ್ತದೆ ಎಂಬುದರಲ್ಲೇ ಈ ಎರಡು ಎಂಜಿನ್‌ಗಳ ಬಹುಪಾಲು ವ್ಯತ್ಯಾಸ ಅಡಗಿದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಸ್ಟನ್ ಒಂದು ಸಲ ಮೇಲಕ್ಕೋ ಕೆಳಕ್ಕೋ ಹೋಗುವುದು ಒಂದು ಸ್ಟ್ರೋಕ್. ಫೋರ್-ಸ್ಟ್ರೋಕ್‌ನಲ್ಲಿ ನಾಲ್ಕು ಕೆಲಸಕ್ಕೆ ನಾಲ್ಕು ಪ್ರತ್ಯೇಕ ಸ್ಟ್ರೋಕ್. ಗಾಳಿ ಮತ್ತು ಪೆಟ್ರೋಲ್ ಎಳೆದುಕೊಳ್ಳುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆ ಹೊರಹಾಕುವುದು. ಒಳಕ್ಕೆ ಬಿಡಲು ಒಂದು ವಾಲ್ವ್, ಹೊರಕ್ಕೆ ಬಿಡಲು ಇನ್ನೊಂದು. ಪಿಸ್ಟನ್ನಿನ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದೇ ಸಲ ಶಕ್ತಿ ಸಿಗುತ್ತದೆ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಓಡಿಸಿ ತೋರಿಸಿದ್ದು ಇದನ್ನು.

ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸಲ ಉರಿ. ನಿಮ್ಮ ಕಟರ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ 7000 ಸಲ ಉರಿಯುತ್ತದೆ. ಅದೇ ವೇಗದ ಫೋರ್-ಸ್ಟ್ರೋಕ್ 3500 ಸಲ. ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹಾಗಾದರೆ ಹೊಸ ಗಾಳಿಯನ್ನು ಒಳಕ್ಕೆ ದೂಡುವವರು ಯಾರು? ಕಮ್ಮಾರನ ತಿದಿ ನೋಡಿದ್ದೀರಲ್ಲ, ಪಿಸ್ಟನ್ನಿನ ಕೆಳಭಾಗ ಹಾಗೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್ ಇರುವ ಕೆಳಗಿನ ಕೋಣೆ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇಳಿದಾಗ ಅದನ್ನು ಒತ್ತಿ ಸಿಲಿಂಡರಿಗೆ ಏರಿಸುತ್ತದೆ. ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಮ್ಮ ಕೈಯಲ್ಲಿರುವ ಸಣ್ಣ ಟೂ-ಸ್ಟ್ರೋಕ್‌ಗಳೆಲ್ಲ ಅದರ ಮೊಮ್ಮಕ್ಕಳು.

ಕೆಳಗಿನ ಕೋಣೆಯೇ ತಿದಿಯಾದ ಮೇಲೆ ಅಲ್ಲಿ ಎಂಜಿನ್ ಆಯಿಲ್ ತುಂಬಿಸಿ ಇಡಲು ಆಗುವುದಿಲ್ಲ. ಆದ್ದರಿಂದ ಎಣ್ಣೆಯನ್ನು ಪೆಟ್ರೋಲಿನ ಜೊತೆಗೇ ಕಳಿಸಬೇಕು. ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲಕ್ಕೂ ಅದೇ ಎಣ್ಣೆ. ಕೆಲಸ ಮುಗಿಸಿ ಉರಿದುಹೋಗುತ್ತದೆ. ನೀಲಿ ಹೊಗೆ ಬರುವುದು ಅದರಿಂದಲೇ. ಆ ದಿನ ನಿಮ್ಮ ಯಂತ್ರಕ್ಕೆ ಒಂದು ಹನಿ ಎಣ್ಣೆಯೂ ಸಿಗಲಿಲ್ಲ.

ಹಾಗೆಂದು ಟೂ-ಸ್ಟ್ರೋಕ್‌ಗೆ ಎರಡು ಪಟ್ಟು ಶಕ್ತಿ ಎಂದುಕೊಳ್ಳಬೇಡಿ. ಹಳೆಯ ಹೊಗೆ ಹೊರಗೆ ಹೋಗುವ ಕಿಂಡಿಯೂ ಹೊಸ ಗಾಳಿ ಒಳಗೆ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಬಂದ ಪೆಟ್ರೋಲಿನಲ್ಲಿ ಒಂದಿಷ್ಟು ಉರಿಯದೆ ನೇರ ಸೈಲೆನ್ಸರಿಗೆ ಹೋಗುತ್ತದೆ. ಸಾದಾ ಕಾರ್ಬುರೇಟರ್ ಎಂಜಿನ್‌ನಲ್ಲಿ ಈ ನಷ್ಟ ಕಾಲು ಭಾಗದವರೆಗೂ ಮುಟ್ಟುವುದುಂಟು.

ಶಿರಸಿಯ ಓದುಗ:

ಮೇಷ್ಟ್ರ ಕೊನೆಯ ಮಾತೇ ಸಾಕಲ್ಲವೇ? ಕಾಲು ಭಾಗ ಪೆಟ್ರೋಲ್ ಉರಿಯದೆ ಹೊರಗೆ ಹೋಗುವ ಎಂಜಿನ್ ಈ ಕಾಲಕ್ಕೆ ಯಾರಿಗೆ ಬೇಕು? ಬೆಂಗಳೂರಿನಲ್ಲಿ ಟೂ-ಸ್ಟ್ರೋಕ್ ಆಟೊಗಳನ್ನು ರಸ್ತೆಯಿಂದ ತೆಗೆಯಲು ಸರ್ಕಾರ ಸಹಾಯಧನವನ್ನೇ ಕೊಟ್ಟಿತು. ಟೂ-ಸ್ಟ್ರೋಕ್ ಎಂಬ ವಿಧಾನವೇ ಲಾಯಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಕುಂದಾಪುರದ ಹಡಗು ಎಂಜಿನಿಯರ್:

ಶಿರಸಿಯವರೇ, ಆಟೊದ ಹೊಗೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ವಿಧಾನವೇ ಲಾಯಕ್ಕಿಲ್ಲ ಎಂಬುದನ್ನು ಒಪ್ಪಲಾರೆ. ಇಪ್ಪತ್ತು ವರ್ಷಗಳಿಂದ ನಾನು ಅನ್ನ ತಿನ್ನುತ್ತಿರುವುದು ಟೂ-ಸ್ಟ್ರೋಕ್ ಎಂಜಿನ್‌ನಿಂದ.

ಸಮುದ್ರದಲ್ಲಿ ಓಡಾಡುವ ದೊಡ್ಡ ಸರಕು ಹಡಗುಗಳ ಮುಖ್ಯ ಎಂಜಿನ್ ಬಹುತೇಕ ಟೂ-ಸ್ಟ್ರೋಕ್ ಡೀಸೆಲ್. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಹಡಗಿನದು 14 ಸಿಲಿಂಡರಿನ ಟೂ-ಸ್ಟ್ರೋಕ್. ಒಂದೊಂದು ಸಿಲಿಂಡರಿನ ಅಗಲ 96 ಸೆಂಟಿಮೀಟರ್, ಪಿಸ್ಟನ್ ಓಡುವ ದೂರ ಎರಡೂವರೆ ಮೀಟರ್. ನಿಮಿಷಕ್ಕೆ ಸುಮಾರು 100 ಸುತ್ತು ಮಾತ್ರ ತಿರುಗಿ 1 ಲಕ್ಷಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತದೆ. ಈ ಜಾತಿಯ ಎಂಜಿನ್‌ಗಳು ಇಂಧನದಲ್ಲಿರುವ ಶಕ್ತಿಯ ಅರ್ಧದಷ್ಟನ್ನು ಕೆಲಸವಾಗಿ ಬದಲಿಸುತ್ತವೆ. ಸಾಮಾನ್ಯ ಕಾರಿನ ಪೆಟ್ರೋಲ್ ಎಂಜಿನ್ ಆ ಮಟ್ಟ ಮುಟ್ಟುವುದಿಲ್ಲ.

ಅದು ಹೇಗೆ ಸಾಧ್ಯ? ಹಡಗಿನ ಎಂಜಿನ್‌ನಲ್ಲಿ ಕಿಂಡಿಯಿಂದ ಒಳಕ್ಕೆ ಬರುವುದು ಬರೀ ಗಾಳಿ. ಒಂದಿಷ್ಟು ಹೊರಗೆ ಹೋದರೂ ಹೋಗುವುದು ಗಾಳಿ ಮಾತ್ರ. ಎಲ್ಲ ದಾರಿ ಮುಚ್ಚಿದ ಮೇಲೆ ಇಂಜೆಕ್ಟರ್ ಇಂಧನ ಚಿಮ್ಮಿಸುತ್ತದೆ. ಗಾಳಿ ದೂಡಲು ಟರ್ಬೊ ಇದೆ, ತಿದಿಯ ಕೆಲಸ ಪಿಸ್ಟನ್ನಿಗೆ ಇಲ್ಲ, ಎಣ್ಣೆಯನ್ನು ಇಂಧನಕ್ಕೆ ಬೆರೆಸುವುದೂ ಇಲ್ಲ. ನಿಮ್ಮ ವೀಡ್ ಕಟರ್‌ನಲ್ಲಿ ಪೆಟ್ರೋಲನ್ನು ಮೊದಲೇ ಗಾಳಿಗೆ ಬೆರೆಸಿ ಕಳಿಸುವುದರಿಂದ ನಷ್ಟ. ಅದಕ್ಕೆ ಇಂಜೆಕ್ಟರ್, ಪಂಪು, ಟರ್ಬೊ ಎಲ್ಲ ಕೂಡಿಸಿದರೆ ಹೊಗೆ ಕಡಿಮೆಯಾದೀತು, ಆದರೆ ಹೆಗಲಿಗೆ ಹಾಕಿಕೊಳ್ಳಲು ಯಾರಿಂದಲೂ ಆಗದು.

ನಮ್ಮ ಕಡೆ ನಾಡದೋಣಿಯವರು ದೋಣಿಯ ಹಿಂದಕ್ಕೆ ಕಟ್ಟುವ ಸೀಮೆಎಣ್ಣೆ ಎಂಜಿನ್ ಕೂಡ ಟೂ-ಸ್ಟ್ರೋಕ್. ಮೂರು ಜನ ಸೇರಿ ಎತ್ತಿ ದಡಕ್ಕೆ ತರಬೇಕು, ಉಪ್ಪುನೀರಿನಲ್ಲಿ ಕೆಟ್ಟರೆ ಅಲ್ಲೇ ಬಿಚ್ಚಿ ಸರಿಮಾಡಬೇಕು. ಅಂಥ ಕಡೆ ಕಡಿಮೆ ಭಾಗಗಳಿರುವ ಯಂತ್ರಕ್ಕೆ ಬೆಲೆ ಇದೆ.

ಶಿರಸಿಯ ಓದುಗ:

ಹಡಗಿನ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಾತನ್ನು ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಮಾತ್ರ ಸೀಮಿತ ಮಾಡಿಕೊಳ್ಳುತ್ತೇನೆ.

ಮೈಸೂರಿನ ಯೆಜ್ಡಿ ಸವಾರ:

ಟೂ-ಸ್ಟ್ರೋಕ್ ಎಂದ ಮೇಲೆ ಮೈಸೂರಿನವನಾಗಿ ಸುಮ್ಮನೆ ಕೂರಲು ಆಗುವುದಿಲ್ಲ. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ಜೆಕೊಸ್ಲೊವಾಕಿಯಾದ ಕಂಪನಿಯಿಂದ ಪರವಾನಗಿ ಪಡೆದು ಮಾಡಿದ್ದು. 1973ರಿಂದ ಅವೇ ಯೆಜ್ಡಿ ಆದವು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಯಾದವಗಿರಿಯ ಆ ದಾರಿಯಲ್ಲಿ ದಿನವೂ ಆ ಸದ್ದು ಕೇಳುತ್ತಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್. ಮೊದಲ ಸಲ ನೋಡಿದವರು ಬೆರಗಾಗಿ ಮತ್ತೊಮ್ಮೆ ತೋರಿಸು ಎನ್ನುತ್ತಿದ್ದರು.

ನನ್ನ ರೋಡ್‌ಕಿಂಗ್ ಇನ್ನೂ ಓಡುತ್ತಿದೆ. ಟೂ-ಸ್ಟ್ರೋಕ್ ಓಡಿಸುವವರಿಗೆ ಒಂದು ಅಭ್ಯಾಸ ಬೇಕು, ಅದನ್ನು ನನಗೆ ಕಲಿಸಿದವರು ನನ್ನ ತಂದೆ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಉದ್ದಕ್ಕೂ ಇಳಿಸಬಾರದು. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಚಕ್ರ ಮಾತ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ತಿರುವಿನಲ್ಲೂ ಕ್ಲಚ್ ಹಿಡಿದು ಎರಡು ಸಲ ರೇಸ್ ಕೊಟ್ಟು ಎಂಜಿನ್ನಿಗೆ ಎಣ್ಣೆ ಉಣಿಸಬೇಕು. ಯಮಹಾ ಆರ್‌ಎಕ್ಸ್ 100 ಬಂದಾಗ ಅದಕ್ಕೆ ಬೇರೆ ಎಣ್ಣೆ ಟ್ಯಾಂಕ್, ಬೇರೆ ಪಂಪು ಇತ್ತು. ಬಂಕಿನಲ್ಲಿ ಎಣ್ಣೆ ಬೆರೆಸಿಕೊಳ್ಳುವ ಕೆಲಸ ತಪ್ಪಿತು. 98 ಸಿಸಿಯಲ್ಲಿ 11 ಅಶ್ವಶಕ್ತಿ, ಆ ಎಳೆತವನ್ನು ಅನುಭವಿಸಿದವರಿಗೇ ಗೊತ್ತು.

ಆರ್‌ಎಕ್ಸ್ 100 ಬಂದ 1985ರಲ್ಲೇ ಹೀರೊ ಹೊಂಡಾ ಸಿಡಿ 100 ಕೂಡ ಬಂತು. ಫೋರ್-ಸ್ಟ್ರೋಕ್, 97 ಸಿಸಿ. ವೇಗವಿಲ್ಲ, ಆದರೆ ಒಮ್ಮೆ ಪೆಟ್ರೋಲ್ ಹಾಕಿದರೆ ವಾರ ಕಳೆಯುತ್ತಿತ್ತು. ಕಚೇರಿಗೆ ಹೋಗುವವರೆಲ್ಲ ಅದರ ಕಡೆ ತಿರುಗಿದರು. ಕೆಲಸ ಬಿಟ್ಟು ಬರೀ ಎಂಜಿನ್ ಹೋಲಿಸಿದರೆ ಜಗಳ ಮುಗಿಯುವುದೇ ಇಲ್ಲ. ನಿಮ್ಮ ಕೆಲಸ ಯಾವುದು ಎಂದು ಮೊದಲು ನೋಡಿ, ತೋಟಗಾರರೇ.

ಕೊಪ್ಪದ ಕಳೆ ಹೊಡೆಯುವವ:

ಕೆಲಸದ ಮಾತು ಬಂತಾದ್ದರಿಂದ ಬರೆಯುತ್ತಿದ್ದೇನೆ. ನಾನು ತೋಟದ ಯಜಮಾನನಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ದಿನಕ್ಕೆ ಐದಾರು ಗಂಟೆ ಈ ಯಂತ್ರವನ್ನು ಹೊರುವವನು. ನನ್ನ ಹತ್ತಿರ ಎರಡೂ ಇವೆ.

ಟೂ-ಸ್ಟ್ರೋಕ್ ನನ್ನದು 40 ಸಿಸಿ ಆಸುಪಾಸಿನದು, ಪಕ್ಕಕ್ಕೆ ನೇತು ಹಾಕಿಕೊಳ್ಳುವ ಬಗೆ. ಧರೆಯ ಮೇಲೆ, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಬೆರಳು ದಪ್ಪ ಬೆಳೆದ ಕಡೆ ಅದಕ್ಕೆ ಸಮ ಇಲ್ಲ. ಬ್ಲೇಡು ಕಾಂಡಕ್ಕೆ ತಾಗಿದಾಗ ವೇಗ ಕುಗ್ಗಿದರೂ ಮರುಕ್ಷಣ ಮೇಲೇಳುತ್ತದೆ. ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತದೆ. ಫೋರ್-ಸ್ಟ್ರೋಕ್ 35 ಸಿಸಿಯದು, ಬೆನ್ನಿಗೆ ಹಾಕಿಕೊಳ್ಳುವ ಬಗೆ. ಅರ್ಧ ಲೀಟರಿಗೆ ಗಂಟೆ ಮುಗಿಯುತ್ತದೆ. ಅಡಿಕೆ ಸಾಲಿನ ನಡುವೆ ನೈಲಾನ್ ದಾರ ಹಾಕಿ ಎಳೆಯ ಹುಲ್ಲು ಹೊಡೆಯಲು ಅದು ಹೇಳಿ ಮಾಡಿಸಿದ್ದು. ನುಣ್ಣನೆ ಓಡುತ್ತದೆ. ಗಿಡ ದಪ್ಪ ಸಿಕ್ಕಿದರೆ ಮಾತ್ರ ಸುಸ್ತಾಗುತ್ತದೆ, ಕೈ ಬಿಟ್ಟು ಮತ್ತೆ ಹೊಡೆಯಬೇಕು.

ಪೆಟ್ರೋಲ್ ಖರ್ಚು ಎಲ್ಲರೂ ಕೇಳುತ್ತಾರೆ. ಹೊಗೆಯನ್ನು ಯಾರೂ ಕೇಳುವುದಿಲ್ಲ. ಅಡಿಕೆ ತೋಟದೊಳಗೆ ಮಳೆ ನಿಂತ ಮೇಲೆ ಗಾಳಿ ಆಡುವುದಿಲ್ಲ. ಟೂ-ಸ್ಟ್ರೋಕ್ ಹಿಡಿದು ನಾಲ್ಕು ಗಂಟೆ ಕೆಲಸ ಮಾಡಿದ ದಿನ ರಾತ್ರಿ ಊಟದ ತಟ್ಟೆಯಲ್ಲೂ ಅದೇ ವಾಸನೆ. ಮನೆಯವಳು ಅಂಗಿಯನ್ನು ಬೇರೆಯೇ ನೆನೆಹಾಕುತ್ತಾಳೆ. ಬೆರಳುಗಳು ಜುಮುಜುಮು ಎನ್ನುತ್ತಿರುತ್ತವೆ, ಲೋಟ ಹಿಡಿದರೆ ಕೈ ನಡುಗುತ್ತದೆ. ಫೋರ್-ಸ್ಟ್ರೋಕ್ ಹಿಡಿದ ದಿನ ಇದು ಇಲ್ಲವೆಂದಲ್ಲ, ಆದರೆ ತುಂಬಾ ಕಡಿಮೆ. ಎಂಜಿನ್ ಆರಿಸುವವರು ತೋಟದ ಯಜಮಾನರು, ಉಸಿರಾಡುವವರು ನಾವು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ.

ಹೊಸನಗರದ ತೋಟಗಾರ:

ಅಣ್ಣ, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮಲ್ಲಿ ಆ ಯಂತ್ರ ಹಿಡಿಯುವವರನ್ನು ನಾನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ. ಇವತ್ತು ಸಂಜೆ ಕೇಳುತ್ತೇನೆ. ಇಳಿಜಾರಿನಲ್ಲಿ ಫೋರ್-ಸ್ಟ್ರೋಕ್ ಓರೆಯಾದರೆ ಏನೂ ಆಗುವುದಿಲ್ಲವೇ?

ಕೊಪ್ಪದ ಕಳೆ ಹೊಡೆಯುವವ:

ನಾಲ್ಕು ಮಳೆಗಾಲ ಕಳೆಯಿತು. ಧರೆಯ ಪಕ್ಕ ತಲೆಕೆಳಗಾಗಿ ಹಿಡಿದಂತೆಯೂ ಓಡಿಸಿದ್ದೇನೆ, ಏನೂ ಆಗಿಲ್ಲ. ಏಕೆ ಎಂದು ಮೆಕ್ಯಾನಿಕ್ ಹೇಳಲಿ.

ತೀರ್ಥಹಳ್ಳಿಯ ಮೆಕ್ಯಾನಿಕ್:

ನಿಮ್ಮ ದೊಡ್ಡಪ್ಪನ ಮಗ ಹೇಳಿದ್ದು ಸುಳ್ಳಲ್ಲ, ಬೇರೆ ಎಂಜಿನ್ನಿನ ಮಾತು. ನೆಲದ ಮೇಲೆ ಕೂರುವ ಪಂಪ್‌ಸೆಟ್ಟಿನ ಸಾದಾ ಫೋರ್-ಸ್ಟ್ರೋಕ್‌ನಲ್ಲಿ ತಳದಲ್ಲಿ ಆಯಿಲ್ ನಿಂತಿರುತ್ತದೆ, ಅದನ್ನು ಒಂದು ಸಣ್ಣ ಚಮಚದಂಥ ಭಾಗ ಎರಚುತ್ತದೆ. ಅದನ್ನು ಓರೆ ಮಾಡಿದರೆ ಚಮಚಕ್ಕೆ ಆಯಿಲ್ ಸಿಗದೆ ಕೆಡುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆಂದೇ ಮಾಡಿದ ಫೋರ್-ಸ್ಟ್ರೋಕ್ ಬೇರೆ. ಹೊಂಡಾ ಜಿಎಕ್ಸ್ 35ರಂಥ ಎಂಜಿನ್‌ನಲ್ಲಿ ಆಯಿಲ್ಲಿಗೆ ಪ್ರತ್ಯೇಕ ಕೋಣೆ ಇದೆ. ಅಲ್ಲಿ ತಿರುಗುವ ಎಲೆಗಳು ಆಯಿಲ್ಲನ್ನು ಮಂಜಿನಂತೆ ಮಾಡಿ ಎಲ್ಲ ಕಡೆಗೂ ಕಳಿಸುತ್ತವೆ. ಯಾವ ಕಡೆ ತಿರುಗಿಸಿದರೂ ಓಡುತ್ತದೆ. ಕೊಳ್ಳುವಾಗ ಈ ಒಂದು ಮಾತನ್ನು ಅಂಗಡಿಯಲ್ಲಿ ಕೇಳಿ, ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಆದರೆ ಓಡಿಸುವುದು ಬೇರೆ, ಇಡುವುದು ಬೇರೆ. ಕೆಲಸ ಮುಗಿದ ಮೇಲೆ ಹೇಗೆಂದರೆ ಹಾಗೆ ಮಲಗಿಸಿ ಇಟ್ಟರೆ ಆಯಿಲ್ ಮೆಲ್ಲಗೆ ಸಿಲಿಂಡರಿಗೂ ಏರ್ ಫಿಲ್ಟರಿಗೂ ಇಳಿಯುತ್ತದೆ. ಮರುದಿನ ಬಿಳಿ ಹೊಗೆ ಕಾರಿ ಹೆದರಿಸುತ್ತದೆ. ನೆಟ್ಟಗೆ ಇಡಿ.

ಮೂಡಿಗೆರೆಯ ಕಾಫಿ ಬೆಳೆಗಾರ್ತಿ:

ಫೋರ್-ಸ್ಟ್ರೋಕ್ ತಂದರೆ ಎಣ್ಣೆಯ ತಲೆನೋವು ತಪ್ಪಿತು ಎಂದು ತೋಟಗಾರರು ನೆಮ್ಮದಿಯಾಗಿರಬಾರದು ಎಂದು ಇದನ್ನು ಬರೆಯುತ್ತೇನೆ. ನಮ್ಮಲ್ಲಿ ಎರಡು ಫೋರ್-ಸ್ಟ್ರೋಕ್ ಇದ್ದವು, ಒಂದನ್ನು ಎರಡನೇ ವರ್ಷವೇ ಕಳೆದುಕೊಂಡೆವು.

ಈ ಸಣ್ಣ ಎಂಜಿನ್‌ಗೆ ಹಿಡಿಯುವುದು ಸುಮಾರು 100 ಮಿಲಿ ಆಯಿಲ್, ಒಂದು ಸಣ್ಣ ಕಾಫಿ ಲೋಟದಷ್ಟು. ಕಾರಿನಲ್ಲಿ ಅರ್ಧ ಲೀಟರ್ ಕಡಿಮೆಯಾದರೂ ಓಡುತ್ತದೆ, ಇಲ್ಲಿ 40 ಮಿಲಿ ಹೋದರೆ ಉಳಿಯುವುದು ಅರ್ಧ ಚಿಲ್ಲರೆ. ನಮ್ಮ ಕೆಲಸದವರು ಅದಕ್ಕೂ ಮೊದಲು ಟೂ-ಸ್ಟ್ರೋಕ್ ಓಡಿಸಿದವರು, ಆಯಿಲ್ ನೋಡುವ ರೂಢಿಯೇ ಇರಲಿಲ್ಲ. ನಾನೂ ಹೇಳಿಕೊಡಲಿಲ್ಲ. ಒಂದು ದಿನ ಕಟಕಟ ಸದ್ದು, ಆಮೇಲೆ ಮೌನ. ಬಿಚ್ಚಿದಾಗ ಒಳಗಿನಿಂದ ಬಂದದ್ದು ಒಂದೆರಡು ಚಮಚ ಕಪ್ಪು ಅಂಟು. ಈಗ ದಿನವೂ ಯಂತ್ರ ಹೆಗಲೇರುವ ಮೊದಲು ಮುಚ್ಚಳ ತೆಗೆದು ಆಯಿಲ್ ನೋಡುವುದು ಕಡ್ಡಾಯ. ಹೊಸ ಯಂತ್ರಕ್ಕೆ ಮೊದಲ 10 ಗಂಟೆಗೆ ಆಯಿಲ್ ಬದಲಾವಣೆ, ಆಮೇಲೆ 50 ಗಂಟೆಗೊಮ್ಮೆ. ಗಂಟೆಯ ಲೆಕ್ಕಕ್ಕೆ ಕಣದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ.

ಇನ್ನೊಂದು, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ, ಕಪಾಟಿನ ಬಟ್ಟೆಗೂ ಬೂಷ್ಟು ಬರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟರೆ ಕಾರ್ಬುರೇಟರಿನೊಳಗಿನ ತೆಳು ರಬ್ಬರ್ ಪದರ ಗಡಸಾಗುತ್ತದೆ, ಪೈಪು ಬಿರುಕು ಬಿಡುತ್ತದೆ. ಎರಡೂ ಬಗೆಗೆ ಈ ತೊಂದರೆ ಇದೆ.

ದಾವಣಗೆರೆಯ ಪಾಲಿಟೆಕ್ನಿಕ್ ಮೇಷ್ಟ್ರು:

ಮೂಡಿಗೆರೆಯವರ ಮಾತಿಗೆ ಒಂದು ಸೇರಿಸಬೇಕು. ತೇವ ಅತಿಯಾದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬೆರೆಸಿದ 2ಟಿ ಎಣ್ಣೆ, ಅಂದರೆ ಟೂ-ಸ್ಟ್ರೋಕ್‌ಗೆಂದೇ ಮಾಡಿದ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಹೀರುವ ಪೈಪಿನ ತುದಿ ಇರುವುದು ಟ್ಯಾಂಕಿನ ತಳದಲ್ಲಿ! ಎಣ್ಣೆಯನ್ನು ಅಳೆದು ಹಾಕಿದವರ ಟೂ-ಸ್ಟ್ರೋಕ್ ಕೂಡ ಹೀಗೆ ಎಣ್ಣೆಯಿಲ್ಲದೆ ಸೀಜ್ ಆಗಬಹುದು. ಬೆರೆಸಿದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಬಳಸಬೇಡಿ.

ಹೊಸನಗರದ ತೋಟಗಾರ:

ನಾನು ಒಂದು ಲೀಟರಿಗೆ ‘ಒಂದು ಮುಚ್ಚಳ, ಮೇಲೊಂದಿಷ್ಟು’ ಎಂದು ಹಾಕುತ್ತಿದ್ದೆ. ಎಣ್ಣೆ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ? ಒಮ್ಮೆ 2ಟಿ ಸಿಗದೆ ಬೈಕಿನ ಎಂಜಿನ್ ಆಯಿಲ್ ಹಾಕಿದ್ದೂ ಇದೆ.

ತೀರ್ಥಹಳ್ಳಿಯ ಮೆಕ್ಯಾನಿಕ್:

ಎರಡನ್ನೂ ಇಂದೇ ಬಿಡಿ.

ಬೈಕಿನ ಆಯಿಲ್ ಉರಿಯಲು ಮಾಡಿದ್ದಲ್ಲ. ಅದರಲ್ಲಿರುವ ರಾಸಾಯನಿಕಗಳು ಉರಿದಾಗ ಬೂದಿಯಾಗಿ ಪ್ಲಗ್ಗಿಗೂ ಪಿಸ್ಟನ್ನಿನ ತಲೆಗೂ ಮೆತ್ತಿಕೊಳ್ಳುತ್ತವೆ. 2ಟಿ ಎಣ್ಣೆ ಪೆಟ್ರೋಲಿನಲ್ಲಿ ಸಲೀಸಾಗಿ ಬೆರೆತು, ಬೂದಿ ಕಡಿಮೆ ಬಿಟ್ಟು ಉರಿಯುತ್ತದೆ. ಡಬ್ಬಿಯ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂಬ ಜಪಾನಿನ ಗುಣಮಟ್ಟದ ಗುರುತು ಇದ್ದರೆ ಒಳ್ಳೆಯದು.

ಎಣ್ಣೆ ಹೆಚ್ಚಾದರೂ ಕೇಡು. ಹೊಗೆ ಕಿಂಡಿಯಲ್ಲಿ, ಸೈಲೆನ್ಸರಿನ ಜಾಲರಿಯಲ್ಲಿ ಮಸಿ ಕಟ್ಟುತ್ತದೆ. ‘ಯಂತ್ರಕ್ಕೆ ಎಳೆತ ಇಲ್ಲ’ ಎಂದು ನನ್ನ ಬಳಿ ಬರುವ ಟೂ-ಸ್ಟ್ರೋಕ್‌ಗಳಲ್ಲಿ ಬಹಳಷ್ಟಕ್ಕೆ ಆ ಜಾಲರಿ ತಿಕ್ಕಿದರೆ ಸಾಕು, ಹಳೆಯ ಜೀವ ಮರಳುತ್ತದೆ. ಲೆಕ್ಕ ಕಷ್ಟವಿಲ್ಲ: ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಆದರೆ 25 ಮಿಲಿ, 25ಕ್ಕೆ 1 ಆದರೆ 40 ಮಿಲಿ. ಮಕ್ಕಳ ಔಷಧಿಯ ಅಳತೆ ಲೋಟ ಅಥವಾ ಸೂಜಿ ಇಲ್ಲದ ಸಿರಿಂಜ್ ಇಟ್ಟುಕೊಳ್ಳಿ. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ ಉಳಿದ ಪೆಟ್ರೋಲ್. ಟ್ಯಾಂಕಿನೊಳಗೆ ಎಂದೂ ಬೆರೆಸಬಾರದು, ಕ್ಯಾನಿನಲ್ಲೇ ಬೆರೆಸಬೇಕು.

ಮೈಸೂರಿನ ಯೆಜ್ಡಿ ಸವಾರ:

ಜಾಲರಿಯ ಮಾತು ಓದಿ ಹಳೆಯದೆಲ್ಲ ನೆನಪಾಯಿತು. ಯೆಜ್ಡಿಯ ಸೈಲೆನ್ಸರಿನೊಳಗಿನ ಕೊಳವೆಯನ್ನು ಎಳೆದು ತೆಗೆದು, ಅಂಗಳದಲ್ಲಿ ತೆಂಗಿನ ಗರಿಯ ಬೆಂಕಿಗೆ ಹಾಕಿ ಮಸಿ ಸುಡುತ್ತಿದ್ದೆವು. ಮರುದಿನ ಗಾಡಿಯ ದನಿಯೇ ಬೇರೆ.

ಶಿರಸಿಯ ಓದುಗ:

ಫೋರ್-ಸ್ಟ್ರೋಕ್ ಆಗಿದ್ದೂ ಪೆಟ್ರೋಲಿಗೆ ಎಣ್ಣೆ ಬೆರೆಸುವ ಬಗೆಯನ್ನು ಒಂದು ಕಡೆ ನೋಡಿದೆ. ಅದು ಏನು?

ತೀರ್ಥಹಳ್ಳಿಯ ಮೆಕ್ಯಾನಿಕ್:

ಅದು ಸ್ಟಿಲ್ ಕಂಪನಿಯ 4-ಮಿಕ್ಸ್. ವಾಲ್ವ್ ಇದೆ, ಎರಡು ಸುತ್ತಿಗೊಮ್ಮೆ ಉರಿಯುತ್ತದೆ, ಆದರೆ ಆಯಿಲ್ ಕೋಣೆ ಇಲ್ಲ. ಬೆರೆಸಿದ ಪೆಟ್ರೋಲಿನಿಂದಲೇ ಒಳಭಾಗಗಳಿಗೆ ಎಣ್ಣೆ. ಆಯಿಲ್ ಬದಲಿಸುವ ಕೆಲಸ ಇಲ್ಲ, ಆದರೆ ವಾಲ್ವಿನ ಸಂದು ಸರಿಮಾಡುವ ಕೆಲಸ ಇದೆ. ಅದು ಇಂಥ ಸಣ್ಣ ಫೋರ್-ಸ್ಟ್ರೋಕ್‌ಗಳಿಗೆ ಇದ್ದದ್ದೇ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಸಂದು ಅದು. ಅಂದಾಜಿನಿಂದ ಆಗದು, ಗೇಜ್ ಬೇಕು. ಟೂ-ಸ್ಟ್ರೋಕ್‌ನಲ್ಲಿ ಸೀಜ್ ಆದರೂ ಸಿಲಿಂಡರ್, ಪಿಸ್ಟನ್, ರಿಂಗ್ ತಂದರೆ ಒಂದು ಬೆಳಗಿನಲ್ಲಿ ಮುಗಿಸಿಕೊಡಬಲ್ಲೆ. ಫೋರ್-ಸ್ಟ್ರೋಕ್ ಒಳಗೆ ಕೆಟ್ಟರೆ ಅಷ್ಟು ಸುಲಭವಿಲ್ಲ.

ಹೊಸನಗರದ ತೋಟಗಾರ:

ನಿನ್ನೆ ಸಂಜೆ ನಮ್ಮಲ್ಲಿ ಕೆಲಸಕ್ಕೆ ಬರುವ ಇಬ್ಬರನ್ನೂ ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದೆ. ಕೊಪ್ಪದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಅವರಲ್ಲಿ ದೊಡ್ಡವರು ತಮ್ಮ ಬಲಗೈ ಮುಂದೆ ಚಾಚಿ ತೋರಿಸಿದರು, ಹಾಗೇ ಸುಮ್ಮನೆ ಹಿಡಿದಾಗಲೂ ಬೆರಳು ಅಲುಗುತ್ತಿತ್ತು. ಆರು ವರ್ಷದಿಂದ ಅವರು ಅದನ್ನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಹೀಗೆ ನಿರ್ಧರಿಸಿದ್ದೇನೆ. ತೋಟದ ಒಳಗಿನ ಕೆಲಸವೇ ಹೆಚ್ಚು, ಅದಕ್ಕೆ ಬೆನ್ನಿಗೆ ಹಾಕುವ 35 ಸಿಸಿ ಫೋರ್-ಸ್ಟ್ರೋಕ್, ಯಾವ ಕಡೆ ಓರೆಯಾದರೂ ಓಡುವಂಥದ್ದೇ ಬೇಕೆಂದು ಕೇಳಿ ತರುತ್ತೇನೆ. ಹಳೆಯ ಟೂ-ಸ್ಟ್ರೋಕ್‌ಗೆ ಸಿಲಿಂಡರ್, ಪಿಸ್ಟನ್ ಹಾಕಿಸಿ ಧರೆಗೂ ಸೊಪ್ಪಿನ ಬೆಟ್ಟಕ್ಕೂ ಮಾತ್ರ, ವರ್ಷಕ್ಕೆ ನಾಲ್ಕಾರು ದಿನ. ಒಬ್ಬರೇ ಸತತವಾಗಿ ಒಂದು ಗಂಟೆಗಿಂತ ಹೆಚ್ಚು ಅದನ್ನು ಹಿಡಿಯಬಾರದು ಎಂದು ಮೂವರೂ ಒಪ್ಪಿಕೊಂಡಿದ್ದೇವೆ. ಮೆಕ್ಯಾನಿಕ್ ಅವರೇ, ಸೋಮವಾರ ತೀರ್ಥಹಳ್ಳಿಗೆ ತಂದರೆ ನೋಡುತ್ತೀರಾ?

ತೀರ್ಥಹಳ್ಳಿಯ ಮೆಕ್ಯಾನಿಕ್:

ತನ್ನಿ. ಟ್ಯಾಂಕ್ ಖಾಲಿ ಮಾಡಿ ತನ್ನಿ, ಕಾರ್ಬುರೇಟರನ್ನೂ ಬಿಚ್ಚಿ ತೊಳೆಯುತ್ತೇನೆ. ಬರುವಾಗ ದಾರಿಯಲ್ಲಿ ಒಂದು ಕೆಂಪು ಕ್ಯಾನ್ ಕೊಂಡುಕೊಳ್ಳಿ, ಬೆರೆಸಿದ ಪೆಟ್ರೋಲ್ ಅದರಲ್ಲಿ ಮಾತ್ರ. ಅದರ ಕುತ್ತಿಗೆಗೆ ಅಳತೆಯ ಸಿರಿಂಜನ್ನು ದಾರದಿಂದ ಕಟ್ಟಿಬಿಡಿ. ಬಿಳಿ ಕ್ಯಾನನ್ನು ಕೊಟ್ಟಿಗೆಯಿಂದ ಬೇರೆ ಕಡೆಗೆ ಸಾಗಿಸಿ.

ಹೊಸನಗರದ ತೋಟಗಾರ:

ಬಿಳಿ ಕ್ಯಾನನ್ನು ಇವತ್ತೇ ಬೈಕ್ ನಿಲ್ಲಿಸುವ ಮಾಡಿಗೆ ತಂದಿಟ್ಟೆ. ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಬರುತ್ತೇನೆ.